ಯಂತ್ರ ಊರಲ್ಲೇ ಇದೆ, ರೋಗಿ ಮಾತ್ರ ಬೆಂಗಳೂರಿಗೆ!

ರಾತ್ರಿ ಹನ್ನೊಂದರ ಮೇಲೆ ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ನಿಂತು ನೋಡಿದವರಿಗೆ ಗೊತ್ತು. ಬೆಂಗಳೂರು ಬಸ್ಸಿಗೆ ಕಾಯುವವರಲ್ಲಿ ಮೂರು ಬಗೆ. ಬೆನ್ನಿಗೆ ಬ್ಯಾಗು ಹಾಕಿದವರು ನೌಕರಿಗೆ ಹೋಗುವವರು. ಗೋಣಿಚೀಲ ಕಟ್ಟಿಕೊಂಡವರು ಕೂಲಿಗೆ ಹೋಗುವವರು. ಪ್ಲಾಸ್ಟಿಕ್ ಕವರಿನೊಳಗೆ ಫೈಲು ಇಟ್ಟು ಎದೆಗವಚಿಕೊಂಡವರು ಆಸ್ಪತ್ರೆಗೆ ಹೋಗುವವರು. ಈ ಮೂರನೆಯವರು ಯಾರ ಹತ್ತಿರವೂ ಹೆಚ್ಚು ಮಾತಾಡೋದಿಲ್ಲ.

ಅವರಲ್ಲೊಬ್ಬ ಕಿರಾಣಿ ಅಂಗಡಿಯಾತ. ವಯಸ್ಸು ನಲವತ್ತು ದಾಟಿಲ್ಲ. ನೋಡಿದರೆ ಕಾಯಿಲೆ ಅಂತ ಯಾರೂ ಹೇಳೋದಿಲ್ಲ. ಅಕ್ಕಿ ಮೂಟೆ ಒಬ್ಬನೇ ಇಳಿಸುತ್ತಾನೆ. ಆದರೆ ಮೂರು ತಿಂಗಳಿಗೊಮ್ಮೆ ಅವನ ಅಂಗಡಿಯ ಷಟರ್ ಎರಡು ದಿನ ಕೆಳಗಿಳಿಯುತ್ತೆ. ಕೇಳಿದವರಿಗೆ 'ಮಾಲು ತರೋಕೆ ಹೋಗಿದ್ದೆ' ಅನ್ನುತ್ತಾನೆ. ಮಾಲು ತರೋಕಲ್ಲ. ರಕ್ತ ಕೊಡೋಕೆ. ಒಂದು ಸಣ್ಣ ಬಾಟಲಿ ರಕ್ತ ಕೊಡೋಕೆ ಇನ್ನೂರು ಕಿಲೋಮೀಟರ್ ಹೋಗಿ, ಇನ್ನೂರು ಕಿಲೋಮೀಟರ್ ಬರ್ತಾನೆ.

ಅವನ ಕಾಯಿಲೆ ಬ್ಲಡ್ ಕ್ಯಾನ್ಸರು.

ಈ ಹೆಸರು ಕೇಳಿದ ಕೂಡಲೇ ಜನಕ್ಕೆ ನೆನಪಾಗೋದು ಹಳೇ ಸಿನಿಮಾ. ಹೀರೋಯಿನ್ನು ಕರವಸ್ತ್ರದಲ್ಲಿ ಕೆಮ್ಮುತ್ತಾಳೆ, ಕರವಸ್ತ್ರ ಕೆಂಪಾಗುತ್ತೆ, ಮುಂದಿನ ರೀಲಿನಲ್ಲಿ ಆಕೆ ಇರೋದಿಲ್ಲ. ಅದಕ್ಕೇ ಅಂಗಡಿಯಾತ ಬಾಯಿ ಬಿಡೋದಿಲ್ಲ. ಬಿಟ್ಟರೆ ಹೋಲ್‌ಸೇಲಿನವರು ಉದ್ರಿ ನಿಲ್ಲಿಸುತ್ತಾರೆ. ತಂಗಿಗೆ ಬಂದ ಸಂಬಂಧ ಹಿಂದಕ್ಕೆ ಹೋಗುತ್ತೆ. ಚೀಟಿ ಹಾಕಿಸಿಕೊಳ್ಳುವವರು 'ಮುಂದಿನ ಸಲ ನೋಡೋಣ' ಅಂತಾರೆ. ಆದರೆ ಇವನಿಗಿರೋದು ಸಿನಿಮಾದ ಕ್ಯಾನ್ಸರ್ ಅಲ್ಲ. ಡಾಕ್ಟರುಗಳು ಇದನ್ನು ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಅನ್ನುತ್ತಾರೆ, ಚಿಕ್ಕದಾಗಿ ಸಿ.ಎಂ.ಎಲ್. ನಿಧಾನಕ್ಕೆ ನಡೆಯುವ ಬ್ಲಡ್ ಕ್ಯಾನ್ಸರು. ಬಿಳಿ ರಕ್ತಕಣಗಳು ಲೆಕ್ಕ ಮೀರಿ ಹುಟ್ಟುತ್ತವೆ, ಎಡಪಕ್ಕೆಯ ಕೆಳಗಿನ ಗುಲ್ಮ ಊದುತ್ತೆ, ಸುಸ್ತಾಗುತ್ತೆ, ರಾತ್ರಿ ಬೆವರುತ್ತೆ. ಪಶ್ಚಿಮದ ದೇಶಗಳಲ್ಲಿ ಇದು ಹೆಚ್ಚಾಗಿ ವಯಸ್ಸಾದವರ ರೋಗ. ಭಾರತದಲ್ಲಿ ಬಹಳ ಮಂದಿಗೆ ಮೂವತ್ತು ನಲವತ್ತರಲ್ಲೇ ಬರುತ್ತೆ. ಅಂದರೆ ದುಡಿಯುವವನಿಗೇ.

ಈ ರೋಗದಷ್ಟು ಚೆನ್ನಾಗಿ ಬೇರು ಪತ್ತೆಯಾದ ಕ್ಯಾನ್ಸರು ಕಮ್ಮಿ. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ಊರಿನಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಎಂಬಿಬ್ಬರು ಈ ರೋಗಿಗಳ ಜೀವಕೋಶದಲ್ಲಿ ಒಂದು ಕ್ರೋಮೋಸೋಮು ಮೋಟಾಗಿರುವುದನ್ನು ಕಂಡರು. ಅದಕ್ಕೆ ಊರಿನ ಹೆಸರೇ ನಿಂತಿತು. 1973ರಲ್ಲಿ ಷಿಕಾಗೋದ ಜಾನೆಟ್ ರೌಲಿ ಎಂಬಾಕೆ ಆ ತುಂಡು ಎಲ್ಲಿ ಹೋಯಿತು ಅಂತ ತೋರಿಸಿದರು. ಒಂಬತ್ತನೆಯ ಮತ್ತು ಇಪ್ಪತ್ತೆರಡನೆಯ ಕ್ರೋಮೋಸೋಮುಗಳು ತುಂಡು ಅದಲುಬದಲು ಮಾಡಿಕೊಂಡಿದ್ದವು. ಹೀಗೆ ಅದಲುಬದಲಾದಾಗ ಬಿ.ಸಿ.ಆರ್. ಮತ್ತು ಎ.ಬಿ.ಎಲ್. ಎಂಬ ಎರಡು ಜೀನುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಟಿಕೊಂಡದ್ದೇ ತಡ, ಬೆಳೆಯುವ ಸ್ವಿಚ್ಚು ಆಫ್ ಆಗೋದೇ ಇಲ್ಲ.

ಆ ಸ್ವಿಚ್ಚನ್ನು ಆಫ್ ಮಾಡುವ ಗುಳಿಗೆ ಇಮ್ಯಾಟಿನಿಬ್. ಅಮೆರಿಕದಲ್ಲಿ 2001ರ ಮೇ ತಿಂಗಳಲ್ಲಿ ಒಪ್ಪಿಗೆ ಸಿಕ್ಕಿತು. ಅದಕ್ಕೆ ಮುಂಚೆ ಐದಾರು ವರ್ಷ ಬದುಕಿದರೆ ಹೆಚ್ಚು ಅನ್ನುವ ಸ್ಥಿತಿ. ಗುಳಿಗೆ ಬಂದ ಮೇಲೆ, ದೊಡ್ಡ ಪರೀಕ್ಷೆಯಲ್ಲಿ ಅದನ್ನು ತಿಂದವರಲ್ಲಿ ಹತ್ತು ವರ್ಷದ ನಂತರವೂ ನೂರಕ್ಕೆ 83 ಮಂದಿ ಬದುಕಿದ್ದರು. ಕ್ಯಾನ್ಸರು ಬಿ.ಪಿ., ಷುಗರಿನ ಸಾಲಿಗೆ ಬಂದು ನಿಂತಿತು. ದಿನಾ ಒಂದು ಗುಳಿಗೆ, ಬದುಕು ಎಂದಿನಂತೆ.

ಬೆಲೆ? ಆಗ ಕಂಪನಿ ಗುಳಿಗೆಗೆ ತಿಂಗಳಿಗೆ ಲಕ್ಷ ರೂಪಾಯಿ ಮೇಲಿತ್ತು. ಭಾರತದ ಕಂಪನಿಗಳು ಮಾಡಿದ ಅದೇ ಗುಳಿಗೆಗೆ ಎಂಟು ಹತ್ತು ಸಾವಿರ ಇತ್ತು. ಪೇಟೆಂಟು ಬೇಕು ಅಂತ ನೋವಾರ್ಟಿಸ್ ಸುಪ್ರೀಂ ಕೋರ್ಟಿನ ತನಕ ಹೋಯಿತು. 2013ರ ಏಪ್ರಿಲ್ 1ರಂದು ಕೋರ್ಟು ಆಗೋದಿಲ್ಲ ಅಂದಿತು. ಅಂದು ದೇಶದ ಪತ್ರಿಕೆಗಳೆಲ್ಲ ಮುಖಪುಟದಲ್ಲಿ ಬರೆದವು. ಬಡವರ ಗುಳಿಗೆ ಉಳಿಯಿತು. ಒಳ್ಳೆಯದೇ ಆಯಿತು.

ಆದರೆ ಗುಳಿಗೆಯ ಕಥೆ ಬರೆದವರು ಯಾರೂ ಪರೀಕ್ಷೆಯ ಕಥೆ ಬರೆಯಲಿಲ್ಲ.

ಗುಳಿಗೆ ಎಲ್ಲರಿಗೂ ಒಂದೇ ಥರ ಕೆಲಸ ಮಾಡೋದಿಲ್ಲ. ಕೆಲವರಿಗೆ ಮೊದಲಿಂದಲೇ ನಾಟೋದಿಲ್ಲ. ಕೆಲವರಿಗೆ ಎರಡು ಮೂರು ವರ್ಷ ಚೆನ್ನಾಗಿ ನಾಟಿ, ಆಮೇಲೆ ಕೈ ಕೊಡುತ್ತೆ. ರೋಗ ಮದ್ದಿಗೆ ಬಗ್ಗದೆ ನಿಲ್ಲುತ್ತೆ. ಇದರಲ್ಲಿ ಮೋಸ ಏನೆಂದರೆ, ಹಾಗೆ ಬಗ್ಗದೆ ನಿಂತದ್ದು ರೋಗಿಗೆ ಗೊತ್ತಾಗೋದಿಲ್ಲ. ಊಟ ಸೇರುತ್ತೆ, ನಿದ್ದೆ ಬರುತ್ತೆ, ಮೂಟೆ ಎತ್ತುತ್ತಾನೆ. ಊರಿನ ಲ್ಯಾಬಿನಲ್ಲಿ ಮಾಡಿಸುವ ಸಾಮಾನ್ಯ ರಕ್ತ ಪರೀಕ್ಷೆಯೂ 'ಎಲ್ಲಾ ಸರಿ' ಅನ್ನುತ್ತೆ. ಒಳಗೆ ಲಕ್ಷಾಂತರ ಕೆಟ್ಟ ಕಣಗಳು ಮತ್ತೆ ಗುಂಪು ಕೂಡುತ್ತಿರುತ್ತವೆ. ಸಾಮಾನ್ಯ ಪರೀಕ್ಷೆಗೆ ಸಿಕ್ಕಿಬೀಳುವ ಹೊತ್ತಿಗೆ ತಡವಾಗಿರುತ್ತೆ. ರೋಗ ಒಂದು ಸಲ ಉಗ್ರರೂಪಕ್ಕೆ ತಿರುಗಿತೋ, ಸಿನಿಮಾದ ಕಥೆಯೇ ನಿಜ.

ಆದ್ದರಿಂದ ಮುಂಚೆಯೇ ಸುಳಿವು ಕೊಡುವ ಗುರುತು ಬೇಕು. ಆ ಗುರುತು ಇದೆ. ಅಂಟಿಕೊಂಡ ಆ ಎರಡು ಜೀನಿನ ಅಂಶ ರಕ್ತದಲ್ಲಿ ಎಷ್ಟಿದೆ ಅಂತ ಎಣಿಸುವ ಪರೀಕ್ಷೆ. ವಿಧಾನಕ್ಕೆ ಆರ್.ಟಿ.ಪಿ.ಸಿ.ಆರ್. ಅಂತ ಹೆಸರು. 2020ರಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡವರಿಗೆ ಈ ಹೆಸರು ಬಿಡಿಸಿ ಹೇಳಬೇಕಿಲ್ಲ. ಅದೇ ವಿದ್ಯೆ. ಅಲ್ಲಿ ವೈರಸ್ಸನ್ನು ಹುಡುಕಿದರು, ಇಲ್ಲಿ ಕೆಟ್ಟ ಜೀನನ್ನು ಹುಡುಕುತ್ತಾರೆ.

ಅಂಗಡಿಯವರ ಭಾಷೆಯಲ್ಲಿ ಹೇಳೋದಾದರೆ ಇದು ಸಾಲದ ಲೆಕ್ಕ. ರೋಗ ಪತ್ತೆಯಾದ ದಿನ ನೂರು ರೂಪಾಯಿ ಸಾಲ ಇತ್ತು ಅಂತಿಟ್ಟುಕೊಳ್ಳಿ. ಗುಳಿಗೆ ಶುರುವಾಗಿ ಮೂರು ತಿಂಗಳಿಗೆ ಹತ್ತು ರೂಪಾಯಿಗೆ ಇಳಿದಿರಬೇಕು. ಆರು ತಿಂಗಳಿಗೆ ಒಂದು ರೂಪಾಯಿಗೆ. ವರ್ಷ ತುಂಬುವ ಹೊತ್ತಿಗೆ ಹತ್ತು ಪೈಸೆಗೆ. ಶೇಕಡಾ 10, ಶೇಕಡಾ 1, ಶೇಕಡಾ 0.1. ಜಗತ್ತಿನ ಎಲ್ಲ ಕಡೆ ಡಾಕ್ಟರುಗಳು ನೋಡುವ ಮೂರು ಮೈಲಿಗಲ್ಲು ಇವೇ. ಮೂರು ತಿಂಗಳ ಮೈಲಿಗಲ್ಲು ದಾಟದವನ ಮೇಲೆ ಕಣ್ಣಿಡಬೇಕು ಅಂತ ಅರ್ಥ. ಮುಂದೆ ಗುಳಿಗೆ ಕೈ ಕೊಡಬಹುದಾದವರು ಆ ಗುಂಪಿನಲ್ಲೇ ಹೆಚ್ಚು.

ಆದರೆ ಕಿರ್ದಿ ಪುಸ್ತಕ ಬಲ್ಲವರಿಗೆ ಇನ್ನೊಂದು ವಿಷಯವೂ ಗೊತ್ತು. ಬಾಕಿ ಎಷ್ಟಿದೆ ಅನ್ನೋದಕ್ಕಿಂತ, ಗಿರಾಕಿ ಯಾವ ವೇಗದಲ್ಲಿ ತೀರಿಸುತ್ತಿದ್ದಾನೆ ಅನ್ನೋದು ಮುಖ್ಯ. ಐನೂರು ಬಾಕಿ ಇಟ್ಟುಕೊಂಡು ವಾರ ವಾರ ಕಟ್ಟುವವನನ್ನು ನಂಬಬಹುದು. ಐವತ್ತು ಬಾಕಿ ಇಟ್ಟುಕೊಂಡು ಬೇರೆ ಬೀದಿಯಲ್ಲಿ ಓಡಾಡುವವನನ್ನು ನಂಬೋಕಾಗೋದಿಲ್ಲ. ಆಸ್ಟ್ರೇಲಿಯದ ಅಡಿಲೇಡಿನ ಸಂಶೋಧಕರು 2014ರಲ್ಲಿ ಇದನ್ನೇ ತೋರಿಸಿದರು. ಮೂರು ತಿಂಗಳಿಗೆ ಶೇಕಡಾ 10ರ ಮೇಲೇ ಇದ್ದವರಲ್ಲೂ, ಅಂಶ 76 ದಿನದೊಳಗೆ ಅರ್ಧಕ್ಕೆ ಇಳಿಯುತ್ತಿದ್ದರೆ ಅಂಥವರ ಗತಿ ಬಹಳ ವಾಸಿ. ಅರ್ಧಕ್ಕೆ ಇಳಿಯೋಕೆ ಅದಕ್ಕಿಂತ ಹೆಚ್ಚು ದಿನ ಹಿಡಿದವರೇ ಕಷ್ಟಕ್ಕೆ ಬಿದ್ದವರು. ಹೀಗಾಗಿ ಒಂದು ಸಲದ ನಂಬರನ್ನು ನೋಡಿ ಹೆದರಿ ಮನೆಮಂದಿಯೆಲ್ಲ ಅಳೋದು ಬೇಡ. ಆದರೆ ವೇಗ ಲೆಕ್ಕ ಹಾಕಬೇಕಾದರೆ ಗುಳಿಗೆ ಶುರು ಮಾಡುವ ಮುಂಚಿನ ನಂಬರು ಇರಬೇಕು. ಅದನ್ನು ತೆಗೆಸದೆಯೇ ಗುಳಿಗೆ ಶುರು ಮಾಡಿದರೆ ಮೊದಲ ಪುಟವೇ ಇಲ್ಲದ ಕಿರ್ದಿ ಪುಸ್ತಕ ಅದು.

ಇನ್ನು ತಕ್ಕಡಿಯ ಮಾತು. ಒಂದು ಅಂಗಡಿಯ ಒಂದು ಕೇಜಿ ಇನ್ನೊಂದು ಅಂಗಡಿಯ ಒಂದು ಕೇಜಿಗೆ ಸಮ ಇರಲಿ ಅಂತ ತೂಕ ಮತ್ತು ಅಳತೆ ಇಲಾಖೆಯವರು ಬಂದು ಸೀಲು ಹೊಡೆಯುತ್ತಾರೆ. (ಬರುವ ದಿನ ಮುಂಚೆಯೇ ಎಲ್ಲರಿಗೂ ಹೇಗೆ ಗೊತ್ತಾಗುತ್ತೆ ಅನ್ನೋದು ಬೇರೆ ಮಾತು.) ಈ ಪರೀಕ್ಷೆಗೂ ಅಂಥದ್ದೇ ಸೀಲು ಇದೆ. ಅಂತಾರಾಷ್ಟ್ರೀಯ ಅಳತೆಗೋಲು ಅಂತ ಒಂದಿದೆ. ಪ್ರತಿ ಲ್ಯಾಬೂ ತನ್ನ ನಂಬರನ್ನು ಅದಕ್ಕೆ ಸರಿಹೊಂದಿಸಿ ಕೊಡಬೇಕು. ಹಾಗೆ ಸರಿಹೊಂದಿಸದ ರಿಪೋರ್ಟು ಸೀಲಿಲ್ಲದ ತಕ್ಕಡಿ. ಈ ಸಲ ಒಂದು ಲ್ಯಾಬು, ಮುಂದಿನ ಸಲ ಕಮ್ಮಿ ದುಡ್ಡಿಗೆ ಇನ್ನೊಂದು ಲ್ಯಾಬು ಅಂತ ಓಡಾಡಿದರೆ ಏರಿತೋ ಇಳಿಯಿತೋ ಯಾರಿಗೂ ಗೊತ್ತಾಗೋದಿಲ್ಲ. ರಿಪೋರ್ಟಿನಲ್ಲಿ 'ಐ.ಎಸ್.' ಎಂಬ ಎರಡಕ್ಷರ ಇದೆಯೋ ಇಲ್ಲವೋ ನೋಡಿಕೊಳ್ಳೋದು ರೋಗಿಯ ಹಕ್ಕು.

ನಂಬರು ಇಳಿಯಲಿಲ್ಲ, ಅಥವಾ ಇಳಿದದ್ದು ಮತ್ತೆ ಏರಿತು ಅನ್ನಿ. ಆಗ ಡಾಕ್ಟರು ಕೇಳುವ ಮೊದಲ ಪ್ರಶ್ನೆಗೆ ಯಾವ ಯಂತ್ರವೂ ಬೇಡ. 'ಗುಳಿಗೆ ಸರಿಯಾಗಿ ತಗೊಂಡ್ರಾ?'

ಎಲ್ಲರೂ ಹೂಂ ಅನ್ನುತ್ತಾರೆ. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯವರು ಈ ಹೂಂ ಅನ್ನು ನಂಬಲಿಲ್ಲ. 87 ರೋಗಿಗಳ ಗುಳಿಗೆ ಡಬ್ಬಿಯ ಮುಚ್ಚಳದಲ್ಲಿ ಒಂದು ಚಿಪ್ಪು ಇಟ್ಟು, ಯಾವಾಗ ಮುಚ್ಚಳ ತೆಗೆದರು ಅಂತ ಮೂರು ತಿಂಗಳು ಲೆಕ್ಕ ಹಿಡಿದರು. 2010ರಲ್ಲಿ ಫಲ ಪ್ರಕಟವಾಯಿತು. ನೂರಕ್ಕೆ 90ಕ್ಕಿಂತ ಹೆಚ್ಚು ಗುಳಿಗೆ ತಗೊಂಡವರಲ್ಲಿ, ಆರು ವರ್ಷದೊಳಗೆ ಸಾಲ ಹತ್ತು ಪೈಸೆಗೆ ಇಳಿಯುವ ಸಾಧ್ಯತೆ ನೂರಕ್ಕೆ 94. ಅದಕ್ಕಿಂತ ಕಮ್ಮಿ ತಗೊಂಡವರಲ್ಲಿ ಬರೀ 28. ತಿಂಗಳ ಮೂವತ್ತು ಗುಳಿಗೆಯಲ್ಲಿ ಮೂರು ತಪ್ಪಿದರೆ 90 ಆಯಿತು. ಅಷ್ಟೇ ಗಡಿ. ಮದುವೆ ಮನೆಯಲ್ಲಿ ಒಂದು, ಜಾತ್ರೆಯಲ್ಲಿ ಒಂದು, 'ಇವತ್ತು ಹೊಟ್ಟೆ ತೊಳೆಸುತ್ತಿದೆ' ಅಂತ ಒಂದು.

ಬಿಡೋದಕ್ಕೂ ಕಾರಣ ಇರುತ್ತೆ ಸ್ವಾಮಿ. ಗುಳಿಗೆ ತಿಂದರೆ ಕೆಲವರಿಗೆ ಕಣ್ಣಿನ ಸುತ್ತ ಊದಿಕೊಳ್ಳುತ್ತೆ, ಕಾಲಿನ ಮಾಂಸಖಂಡ ಹಿಡಿದುಕೊಳ್ಳುತ್ತೆ, ವಾಕರಿಕೆ ಬರುತ್ತೆ. ಮೈ ಚೆನ್ನಾಗಿರುವಾಗ ದಿನಾ ಈ ಹಿಂಸೆ ಯಾಕೆ ಅನ್ನಿಸುತ್ತೆ. ಸರ್ಕಾರಿ ಸರಬರಾಜು ತಡವಾದರೆ ಇರುವ ಗುಳಿಗೆಯನ್ನೇ ದಿನ ಬಿಟ್ಟು ದಿನ ತಿಂದು ಎಳೆಯುವವರಿದ್ದಾರೆ. ಇಂಥವರನ್ನು 'ರೋಗ ಮದ್ದಿಗೆ ಬಗ್ಗಲಿಲ್ಲ' ಅಂತ ಬರೆದು ದುಬಾರಿ ಗುಳಿಗೆಗೆ ಬದಲಾಯಿಸಿದರೆ ತಪ್ಪು ಯಾರದು? ಹಾಗೇ ಕ್ಷಯ ಬಂದವರ ಕಥೆ. ಟಿ.ಬಿ.ಗೆ ಕೊಡುವ ರಿಫಾಂಪಿಸಿನ್ ಎಂಬ ಔಷಧ ರಕ್ತದಲ್ಲಿರುವ ಇಮ್ಯಾಟಿನಿಬ್ಬನ್ನು ಬೇಗ ಬೇಗ ಖಾಲಿ ಮಾಡಿಬಿಡುತ್ತೆ. ಗುಳಿಗೆ ತಪ್ಪದೆ ತಿಂದರೂ ತಿನ್ನದ ಹಾಗೆ. ಒಬ್ಬ ಡಾಕ್ಟರು ಕೊಟ್ಟದ್ದನ್ನು ಇನ್ನೊಬ್ಬ ಡಾಕ್ಟರಿಗೆ ತೋರಿಸದಿದ್ದರೆ ಹೀಗೇ ಆಗೋದು.

ಗುಳಿಗೆ ತಪ್ಪಿಲ್ಲ, ಬೇರೆ ಔಷಧದ ಕಾಟವೂ ಇಲ್ಲ ಅಂತಾದ ಮೇಲೆ ಎರಡನೆಯ ಪರೀಕ್ಷೆ. ಇದು ಬೀಗದ ಪರೀಕ್ಷೆ. ಇಮ್ಯಾಟಿನಿಬ್ ಕೀಲಿಕೈ ಇದ್ದ ಹಾಗೆ, ಕೆಟ್ಟ ಪ್ರೋಟೀನಿನ ಒಂದು ಸಂದಿನಲ್ಲಿ ಹೋಗಿ ಕೂತು ಅದನ್ನು ಕಟ್ಟಿಹಾಕುತ್ತೆ. ಕಾಲಕ್ರಮದಲ್ಲಿ ಆ ಪ್ರೋಟೀನಿನ ಯಾವುದೋ ಒಂದು ಅಂಶ ಬದಲಾಯಿತು ಅಂದರೆ ಬೀಗ ಬದಲಾದ ಹಾಗೆ, ಕೀಲಿಕೈ ಒಳಗೆ ಹೋಗೋದಿಲ್ಲ. ಯಾವ ಅಂಶ ಬದಲಾಗಿದೆ ಅಂತ ಗೊತ್ತಾದರೆ ಯಾವ ಕೀಲಿಕೈ ಹಿಡಿಯುತ್ತೆ ಅಂತ ಹೇಳಬಹುದು. ಕೆಲವು ಬದಲಾವಣೆಗೆ ಡಸಾಟಿನಿಬ್ ಆಗುತ್ತೆ, ಕೆಲವಕ್ಕೆ ನಿಲೋಟಿನಿಬ್. 315ನೆಯ ಜಾಗದಲ್ಲಿ ಆಗುವ ಒಂದು ಬದಲಾವಣೆ ಮಾತ್ರ ಮಹಾ ಹಟಮಾರಿ. ಟಿ 315 ಐ ಅಂತ ಅದರ ಹೆಸರು. 2001ರಲ್ಲೇ, ಅಂದರೆ ಗುಳಿಗೆಗೆ ಒಪ್ಪಿಗೆ ಸಿಕ್ಕ ವರ್ಷವೇ, ಅದನ್ನು ಪತ್ತೆ ಮಾಡಿದ್ದರು. ಇಮ್ಯಾಟಿನಿಬ್, ಡಸಾಟಿನಿಬ್, ನಿಲೋಟಿನಿಬ್, ಬೋಸುಟಿನಿಬ್ ನಾಲ್ಕೂ ಅದಕ್ಕೆ ನಾಟೋದಿಲ್ಲ. 2012ರಲ್ಲಿ ಬಂದ ಪೊನಾಟಿನಿಬ್, 2021ರಲ್ಲಿ ಬಂದ ಅಸಿಮಿನಿಬ್ ಇವೆರಡು ನಾಟುತ್ತವೆ. ಈ ಪರೀಕ್ಷೆ ಮಾಡಿಸದೆ ಅಂದಾಜಿನ ಮೇಲೆ ಗುಳಿಗೆ ಬದಲಾಯಿಸೋದು ಕತ್ತಲಲ್ಲಿ ಕೀಲಿಕೈ ಗೊಂಚಲು ಹಿಡಿದು ಬಾಗಿಲು ತಡಕಿದ ಹಾಗೆ. ಒಂದೊಂದು ಕೀಲಿಕೈಗೂ ಸಾವಿರಾರು ರೂಪಾಯಿ.

ಗುಳಿಗೆ ಶುರು ಮಾಡುವ ಮೊದಲೇ ಯಾರಿಗೆ ನಾಟುತ್ತೆ, ಯಾರಿಗೆ ನಾಟೋದಿಲ್ಲ ಅಂತ ಜಾತಕ ಹೇಳುವ ಪ್ರಯತ್ನಗಳೂ ನಡೆದಿವೆ. ಗುಳಿಗೆಯನ್ನು ಜೀವಕೋಶದೊಳಕ್ಕೆ ಹೊತ್ತೊಯ್ಯುವ ಒಂದು ಪ್ರೋಟೀನು ಚುರುಕಾಗಿದೆಯೋ ಇಲ್ಲವೋ ಅಂತ ಅಡಿಲೇಡಿನವರು ಅಳೆದರು. 2012ರಲ್ಲಿ ಸಿಂಗಪುರದವರು ಬಿಮ್ ಎಂಬ ಜೀನಿನಲ್ಲಿ ಹುಟ್ಟಿನಿಂದಲೇ ಒಂದು ತುಂಡು ಇಲ್ಲದಿರುವುದು ಪೂರ್ವ ಏಷ್ಯಾದ ಜನರಲ್ಲಿ ನೂರಕ್ಕೆ ಹನ್ನೆರಡರಷ್ಟಿದೆ, ಅಂಥವರಿಗೆ ಮದ್ದು ಸರಿಯಾಗಿ ಹಿಡಿಯೋದಿಲ್ಲ ಅಂತ ತೋರಿಸಿದರು. ವಿಜ್ಞಾನಿಗಳಿಗೆ ಇದೆಲ್ಲ ದೊಡ್ಡ ವಿಷಯವೇ. ಆದರೆ ಚಳ್ಳಕೆರೆ ಅಂಗಡಿಯಾತನಿಗೆ ಅದು ಸದ್ಯಕ್ಕೆ ಷೋಕೇಸಿನ ಮಾಲು. ಅವನಿಗೆ ಬೇಕಾದ್ದು 1984ರಿಂದ ಇರುವ ಒಂದು ಹಳೇ ಲೆಕ್ಕ. ವಯಸ್ಸೆಷ್ಟು, ಗುಲ್ಮ ಪಕ್ಕೆಯಿಂದ ಎಷ್ಟು ಸೆಂಟಿಮೀಟರ್ ಕೆಳಗಿಳಿದಿದೆ, ಪ್ಲೇಟ್‌ಲೆಟ್ಟು ಎಷ್ಟು, ಎಳೆಯ ಕಣಗಳು ಎಷ್ಟು ಎಂಬ ನಾಲ್ಕರಿಂದ ಅಪಾಯ ಎಷ್ಟಿದೆ ಅಂತ ಹೇಳುತ್ತಾರೆ. ಸೋಕಲ್ ಲೆಕ್ಕ ಅಂತ ಹೆಸರು. ಇದಕ್ಕೆ ಬೇಕಾದ್ದು ಟೇಪು, ಸಾಮಾನ್ಯ ರಕ್ತ ಪರೀಕ್ಷೆ, ಹೊಟ್ಟೆ ಮುಟ್ಟಿ ನೋಡುವಷ್ಟು ಪುರುಸೊತ್ತು ಇರುವ ಡಾಕ್ಟರು. ಗುಳಿಗೆ ಶುರುವಾದ ಮೇಲೆ ಅಳೆದರೆ ಉಪಯೋಗ ಇಲ್ಲ, ಗುಲ್ಮ ಇಳಿದುಬಿಟ್ಟಿರುತ್ತೆ.

ಆಮೇಲೆ ಉಳಿಯೋದು ಮೂರು ತಿಂಗಳಿಗೊಮ್ಮೆಯ ಆ ನಂಬರು. ಈಗ ಬಸ್ ನಿಲ್ದಾಣಕ್ಕೇ ವಾಪಸು ಬರೋಣ.

ರಾತ್ರಿ ಹತ್ತಿದ ಬಸ್ಸು ಹಿರಿಯೂರು, ಶಿರಾ, ತುಮಕೂರು ದಾಟಿ ಬೆಳಗಿನ ಜಾವ ಮೆಜೆಸ್ಟಿಕ್ಕಿಗೆ. ಅಲ್ಲಿಂದ ಸಿಟಿ ಬಸ್ಸು. ಚೀಟಿಗೆ ಕ್ಯೂ, ಡಾಕ್ಟರಿಗೆ ಕ್ಯೂ, ರಕ್ತ ಕೊಡೋಕೆ ಕ್ಯೂ. ಇಡೀ ರಾಜ್ಯದ ಭಾರ ಅಲ್ಲೇ ಬಿದ್ದರೆ ಅಲ್ಲಿಯವರಾದರೂ ಏನು ಮಾಡ್ತಾರೆ? ಖಾಸಗಿ ಲ್ಯಾಬಿನಲ್ಲಿ ಮಾಡಿಸಿದರೆ ಪ್ರತಿ ಸಲಕ್ಕೂ ಹಲವು ಸಾವಿರ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಆ ಮಟ್ಟಿಗೆ ರೋಗಿ ಹೆಂಗಸಾದರೆ ಬಚಾವು. ಜೊತೆಗೆ ಬರುವ ಗಂಡನಿಗೆ ಟಿಕೆಟ್ ಇದೆ. ಹೋದ ಎರಡು ದಿನದ ಕೂಲಿಗೆ, ಮುಚ್ಚಿದ ಅಂಗಡಿಗೆ ಯಾವ ಯೋಜನೆಯೂ ಇಲ್ಲ. ಒಂದು ಸಲ ಕೈಯಲ್ಲಿ ದುಡ್ಡಿಲ್ಲ, ಇನ್ನೊಂದು ಸಲ ಷೇಂಗಾ ಸುಗ್ಗಿ, ಮತ್ತೊಂದು ಸಲ ಮಗುವಿನ ಪರೀಕ್ಷೆ. ಮೂರು ತಿಂಗಳು ಆರಾಗುತ್ತೆ, ಆರು ವರ್ಷವಾಗುತ್ತೆ. 'ಚೆನ್ನಾಗೇ ಇದ್ದೀನಲ್ಲ!' ಮದ್ದಿಗೆ ಬಗ್ಗದ ರೋಗ ಕಾಯುತ್ತಿರೋದು ಈ ಮಾತಿಗೇ.

ಈಗ ಕೇಳಿ. ಜಿಲ್ಲಾ ಕೇಂದ್ರಗಳಲ್ಲಿ ಕ್ಷಯ ರೋಗದ ಪರೀಕ್ಷೆಗೆ ಸಿಬಿನ್ಯಾಟ್ ಅಂತ ಒಂದು ಯಂತ್ರ ಇದೆ. ಜೀನ್‌ಎಕ್ಸ್‌ಪರ್ಟ್ ಅಂತಲೂ ಕರೀತಾರೆ. ಮೇಜಿನ ಮೇಲೆ ಕೂರುವ ಪೆಟ್ಟಿಗೆ. ಕಫವನ್ನು ಒಂದು ಕಾರ್ಟ್ರಿಡ್ಜಿಗೆ ತುಂಬಿ ಒಳಗೆ ತಳ್ಳಿದರೆ, ಎರಡು ಗಂಟೆಯೊಳಗೆ ಟಿ.ಬಿ. ಇದೆಯೋ ಇಲ್ಲವೋ ಹೇಳುತ್ತೆ. ಅಷ್ಟೇ ಅಲ್ಲ, ಆ ಟಿ.ಬಿ. ರಿಫಾಂಪಿಸಿನ್‌ಗೆ ಬಗ್ಗುತ್ತೋ ಇಲ್ಲವೋ ಅನ್ನೋದನ್ನೂ ಹೇಳುತ್ತೆ. 2010ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ಶಿಫಾರಸು ಕೊಟ್ಟದ್ದೇ ಆ ಕಾರಣಕ್ಕೆ. 2020ರಲ್ಲಿ ಕೊರೊನಾ ಬಂದಾಗ ಇದೇ ಪೆಟ್ಟಿಗೆಗೆ ಬೇರೆ ಕಾರ್ಟ್ರಿಡ್ಜು ಹಾಕಿ ಕೊರೊನಾ ಪರೀಕ್ಷೆ ಮಾಡಿದರು.

ಅದೇ ಕಂಪನಿ ಅದೇ ಪೆಟ್ಟಿಗೆಗೆ ಸಿ.ಎಂ.ಎಲ್. ನಂಬರು ಹೇಳುವ ಕಾರ್ಟ್ರಿಡ್ಜನ್ನೂ ಮಾಡುತ್ತೆ. ರಕ್ತ ಹಾಕಿದರೆ ಎರಡೂವರೆ ಗಂಟೆಯೊಳಗೆ ನಂಬರು, ಅದೂ ಅಂತಾರಾಷ್ಟ್ರೀಯ ಅಳತೆಗೋಲಿನಲ್ಲೇ. ತಕ್ಕಡಿಗೆ ಸೀಲು ಮೊದಲೇ ಬಿದ್ದಿರುತ್ತೆ. ಆಫ್ರಿಕಾ, ಏಷ್ಯಾದ ಕೆಲವು ಬಡ ದೇಶಗಳಲ್ಲಿ ಇದೇ ಪೆಟ್ಟಿಗೆಯಲ್ಲಿ ಈ ಪರೀಕ್ಷೆ ನಡೆದಿದೆ. ಆ ದೇಶಗಳಿಗಿಂತ ದುರ್ಗ ಜಿಲ್ಲೆ ಬಡವೇ?

ಆಕ್ಷೇಪಣೆ ಇಲ್ಲದಿಲ್ಲ. ಪೆಟ್ಟಿಗೆ ಬಂದದ್ದು ಕ್ಷಯದ ದುಡ್ಡಿನಲ್ಲಿ, ಕ್ಯಾನ್ಸರಿಗೆ ಕೊಡೋದು ಹೇಗೆ ಅನ್ನಬಹುದು. ಕೊರೊನಾಕ್ಕೆ ಕೊಟ್ಟಾಗ ಯಾರೂ ಕೇಳಲಿಲ್ಲ, ಆದರೂ ಪ್ರಶ್ನೆ ನ್ಯಾಯವಾದದ್ದೇ. ಟಿ.ಬಿ. ರೋಗಿಯ ಸರದಿ ತಪ್ಪಿಸಿ ಇನ್ನೊಬ್ಬರಿಗೆ ಕೊಡಬಾರದು. ಆದರೆ ಲೆಕ್ಕ ಹಾಕಿ. ಈ ರೋಗ ಬರೋದು ವರ್ಷಕ್ಕೆ ಲಕ್ಷಕ್ಕೆ ಒಬ್ಬರಿಗೋ ಇಬ್ಬರಿಗೋ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 16 ಲಕ್ಷದ ಮೇಲೆ. ಅಂದರೆ ವರ್ಷಕ್ಕೆ ಹೊಸದಾಗಿ ಹದಿನೈದೋ ಮೂವತ್ತೋ ಜನ. ಗುಳಿಗೆಯ ಪುಣ್ಯದಿಂದ ಹಳಬರೂ ಬದುಕಿರುವುದರಿಂದ ಒಟ್ಟು ಸಂಖ್ಯೆ ವರ್ಷ ವರ್ಷ ಬೆಳೆಯುತ್ತೆ, ಆದರೂ ನೂರರ ಲೆಕ್ಕವೇ ಹೊರತು ಸಾವಿರದ ಲೆಕ್ಕವಲ್ಲ. ವಾರಕ್ಕೊಂದು ಮಧ್ಯಾಹ್ನ ಕೊಟ್ಟರೆ ಬಹಳಷ್ಟು ಮುಗಿಯುತ್ತೆ.

ಕಾರ್ಟ್ರಿಡ್ಜಿಗೆ ದುಡ್ಡು ಬೇಕು, ನಿಜ. ಅಗ್ಗದ್ದಲ್ಲ. ಕಲಿತ ಟೆಕ್ನೀಶಿಯನ್ ಬೇಕು. ಪೆಟ್ಟಿಗೆ ಹೇಳೋದು ನಂಬರು ಮಾತ್ರ, ಬೀಗ ಹೇಗೆ ಬದಲಾಗಿದೆ ಅಂತ ಹೇಳೋದಿಲ್ಲ, ಅದಕ್ಕೆ ದೊಡ್ಡ ಲ್ಯಾಬೇ ಆಗಬೇಕು. ಸಿ.ಎಂ.ಎಲ್.ನಲ್ಲಿ ಹೆಚ್ಚಿನವರಿಗಿರುವ ಜೀನಿನ ರೂಪವನ್ನು ಮಾತ್ರ ಅದು ಎಣಿಸುತ್ತೆ, ಅಪರೂಪದ ರೂಪಗಳು ತಪ್ಪುತ್ತವೆ. ಆದ್ದರಿಂದ ಮೊದಲ ಪರೀಕ್ಷೆ ದೊಡ್ಡ ಆಸ್ಪತ್ರೆಯಲ್ಲೇ ಆಗಲಿ, ಬೀಗದ ಪರೀಕ್ಷೆಯೂ ಅಲ್ಲೇ ಆಗಲಿ. ನಂಬರು ನೆಟ್ಟಗಿರುವವರು ಮಾತ್ರ ಊರಲ್ಲೇ ಉಳಿಯಲಿ. ಏರಿದವರಷ್ಟೇ ಬೆಂಗಳೂರು ಬಸ್ಸು ಹತ್ತಲಿ. ಆಗ ಅಲ್ಲಿಯ ಕ್ಯೂ ಕೂಡ ಕರಗುತ್ತೆ.

ಇಷ್ಟೂ ಆಗದು ಅಂತಾದರೆ ಇನ್ನೂ ಸುಲಭದ ದಾರಿ ಇದೆ. ಮನುಷ್ಯ ಹೋಗುವ ಬದಲು ಬಾಟಲಿ ಹೋಗಲಿ. ಈ ಪರೀಕ್ಷೆಯ ರಕ್ತ ತಣ್ಣಗಿಟ್ಟು ಒಂದೆರಡು ದಿನದೊಳಗೆ ಲ್ಯಾಬು ಮುಟ್ಟಿದರೆ ಸಾಕು. ಲಕ್ಷ್ಮೀ ಬಜಾರಿಗೆ ಬಟ್ಟೆ ಬಂಡಲು ರಾತ್ರೋರಾತ್ರಿ ಬರುತ್ತೆ. 2021ರಲ್ಲಿ ಕೆ.ಎಸ್.ಆರ್.ಟಿ.ಸಿ.ಯವರು ಬಸ್ಸಿನಲ್ಲಿ ಸಾಮಾನು ಸಾಗಿಸೋಕೆ ಕಾರ್ಗೋ ಸೇವೆಯನ್ನೇ ಶುರು ಮಾಡಿದರು. ಅದೇ ಬಸ್ಸಿನಲ್ಲಿ ಐಸ್ ಡಬ್ಬಿಯಲ್ಲಿ ಹತ್ತು ಬಾಟಲಿ ರಕ್ತ ಹೋಗೋಕೆ ಏನಡ್ಡಿ? ಕೊರೊನಾ ಕಾಲದಲ್ಲಿ ತಾಲ್ಲೂಕು ತಾಲ್ಲೂಕಿಂದ ಮೂಗಿನ ಕಡ್ಡಿಗಳು ಹೀಗೇ ಡಬ್ಬಿಯಲ್ಲಿ ಓಡಾಡಲಿಲ್ಲವೇ? ರಿಪೋರ್ಟು ಮೊಬೈಲಿಗೆ ಬರಲಿಲ್ಲವೇ? ಆ ರಸ್ತೆ, ಆ ಡಬ್ಬಿ, ಆ ಹುಡುಗರು ಎಲ್ಲಿ ಹೋದರು?

ಇದರಲ್ಲಿ ಸರ್ಕಾರಕ್ಕೂ ಲಾಭವೇ. ಗುಳಿಗೆ ಕೈ ಕೊಟ್ಟದ್ದು ಬೇಗ ಗೊತ್ತಾದರೆ ಎರಡನೆಯ ಗುಳಿಗೆಯಲ್ಲಿ ಮುಗಿಯುತ್ತೆ. ತಡವಾದರೆ ಅಸ್ಥಿಮಜ್ಜೆ ಬದಲಾಯಿಸುವ ತನಕ ಹೋಗುತ್ತೆ, ಅಲ್ಲಿ ಲಕ್ಷಗಳ ಮಾತು. ಇನ್ನೊಂದು ಕಡೆ, ಬಹಳ ವರ್ಷ ನಂಬರು ತಳದಲ್ಲೇ ನಿಂತವರಲ್ಲಿ ಕೆಲವರು ಗುಳಿಗೆಯನ್ನೇ ನಿಲ್ಲಿಸಬಹುದು ಅಂತ ಫ್ರಾನ್ಸಿನವರು 2010ರಲ್ಲಿ ತೋರಿಸಿದರು. ನೂರು ಜನರಲ್ಲಿ ಸುಮಾರು ನಲವತ್ತು ಮಂದಿಗೆ ರೋಗ ಮರಳಲಿಲ್ಲ. ಮರಳಿದವರಿಗೆ ಹೆಚ್ಚಾಗಿ ಆರು ತಿಂಗಳೊಳಗೇ ಮರಳಿತು, ಮತ್ತೆ ಗುಳಿಗೆ ಶುರು ಮಾಡಿದರೆ ಬಗ್ಗಿತು. ಆದರೆ ನಿಲ್ಲಿಸಿದ ಮೊದಲ ತಿಂಗಳುಗಳಲ್ಲಿ ತಿಂಗಳು ತಿಂಗಳೂ ನಂಬರು ನೋಡಲೇಬೇಕು. ಮೂರು ತಿಂಗಳಿಗೊಮ್ಮೆ ಹೋಗೋದೇ ಕಷ್ಟವಾದವನು ತಿಂಗಳಿಗೊಮ್ಮೆ ಹೋಗ್ತಾನೆಯೇ? ಹೀಗೆ ಊರಲ್ಲಿ ಪರೀಕ್ಷೆ ಇಲ್ಲದ ಕಾರಣಕ್ಕೇ, ಬಿಡಬಹುದಾದ ಗುಳಿಗೆಯನ್ನೂ ಜೀವಮಾನವಿಡೀ ತಿನ್ನುವವರಿರುತ್ತಾರೆ. ಡಾಕ್ಟರನ್ನು ಕೇಳದೆ ತಾವೇ ನಿಲ್ಲಿಸಿ ನೋಡೋಣ ಅನ್ನುವ ಸಾಹಸ ಮಾತ್ರ ಯಾರೂ ಮಾಡಬೇಡಿ.

ಮೂರು ತಿಂಗಳಿಗೊಮ್ಮೆ ಜಿಲ್ಲಾ ಪಂಚಾಯಿತಿ ಸಭಾಂಗಣದಲ್ಲಿ ಕೆ.ಡಿ.ಪಿ. ಸಭೆ ಕೂರುತ್ತೆ. ಉಸ್ತುವಾರಿ ಮಂತ್ರಿಗಳು, ಶಾಸಕರು, ಅಧಿಕಾರಿಗಳು, ಗೋಡಂಬಿ, ಟೀ. ಕೊಳವೆಬಾವಿ ಎಷ್ಟಾಯಿತು, ರಸ್ತೆ ಎಲ್ಲಿಗೆ ಬಂತು ಅಂತ ಗದ್ದಲ ಆಗುತ್ತೆ. ಆಗಲಿ, ಅದೂ ಬೇಕಾದ್ದೇ. ಮುಂದಿನ ಸಭೆಯಲ್ಲಿ ಆರು ತಾಲ್ಲೂಕಿನ ಶಾಸಕರಲ್ಲಿ ಒಬ್ಬರಾದರೂ ಎದ್ದು ಆರೋಗ್ಯಾಧಿಕಾರಿಗಳಿಗೆ ಎರಡು ಪ್ರಶ್ನೆ ಹಾಕಲಿ. ಜಿಲ್ಲೆಯಲ್ಲಿ ಸಿ.ಎಂ.ಎಲ್. ಗುಳಿಗೆ ತಿನ್ನುವವರು ಎಷ್ಟು ಜನ? ಕಳೆದ ಒಂದು ವರ್ಷದಲ್ಲಿ ಅವರಲ್ಲಿ ಎಷ್ಟು ಜನರ ನಂಬರು ನೋಡಿದ್ದೀರಿ? ಉತ್ತರ ಫೈಲಿನಲ್ಲಿ ಸಿಕ್ಕದಿದ್ದರೆ ಕಾರ್ಟ್ರಿಡ್ಜಿನ ಮಾತು ಅಲ್ಲಿಂದಲೇ ಶುರುವಾಗಲಿ.

ಅಂಗಡಿಯಾತನ ಗಲ್ಲಾಪೆಟ್ಟಿಗೆಯ ಹಿಂದೆ ಗೋಡೆಗೆ ಒಂದು ಕ್ಯಾಲೆಂಡರು ತೂಗುತ್ತೆ. ಅದರಲ್ಲಿ ಮೂರು ತಿಂಗಳಿಗೊಂದು ತಾರೀಖಿಗೆ ಕೆಂಪು ಶಾಯಿಯ ಸುತ್ತು. ಗಿರಾಕಿಗಳು ಕೇಳಿದರೆ 'ಚೀಟಿ ಕಟ್ಟುವ ದಿನ' ಅನ್ನುತ್ತಾನೆ. ಕಳೆದ ಸುತ್ತಿನ ದಿನ ಷಟರ್ ಮೇಲೇ ಇತ್ತು, ವ್ಯಾಪಾರ ಜೋರಾಗಿತ್ತು. ಈ ಸಲದ ಸುತ್ತಿಗೆ ಇನ್ನು ಹನ್ನೊಂದು ದಿನ ಇದೆ.